ಒಲ್ಲೆ ಎಂಬ ಮಾತು

ಬಲವಿದ್ದೂ ಬಲವಂತ ಮಾಡದ ತಂದೆಗೆ, ಶಿಲುಬೆಯ ಮೇಲೂ ನಮ್ಮನ್ನು ಬಿಟ್ಟುಕೊಡದ ಮಗನಿಗೆ, ಗಾಳಿಯಂತೆ ಮೆಲ್ಲಗೆ ಬಂದು ಕದ ತಟ್ಟುವ ಪವಿತ್ರಾತ್ಮನಿಗೆ ಸ್ತೋತ್ರ. ಕರೆದು, ನಮ್ಮ ಉತ್ತರಕ್ಕಾಗಿ ಕಾದು ನಿಲ್ಲುವ ಆ ಸರ್ವೇಶ್ವರನನ್ನು ನೆನೆದು ಈ ಕಥೆ ಹೇಳುತ್ತೇನೆ.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಮಣ್ಣಿನ ಗೋಡೆಯ ನಾಲ್ಕಾರು ಕೋಣೆ, ನಡುವೆ ಒಂದು ಪ್ರಾರ್ಥನೆಯ ಮನೆ, ಅದರೊಳಗೆ ಮರದ ಒಂದು ಶಿಲುಬೆ. ಅಷ್ಟೇ.

ಅಲ್ಲಿನ ಗುರು ಯೋಬಪ್ಪನವರು. ಕಾವಿ ಉಡುತ್ತಿದ್ದರು, ಯೇಸುಸ್ವಾಮಿಯ ನಾಮ ಜಪಿಸುತ್ತಿದ್ದರು, ಸಿಕ್ಕಿದ್ದನ್ನು ಹಂಚಿಕೊಂಡು ಉಣ್ಣುತ್ತಿದ್ದರು. ಸುತ್ತಲಿನ ಹಳ್ಳಿಯವರು ತಮ್ಮ ಮಠದ ಸ್ವಾಮಿಗಳನ್ನು ಕರೆಯುವಂತೆಯೇ ಅವರನ್ನೂ ಅಜ್ಜಾರು ಎಂದು ಕರೆಯುತ್ತಿದ್ದರು.

ಅವರ ಶಿಷ್ಯ ಇನ್ನಾಸಿ. ಕಾವೇರಿಯ ಕಡೆಯವನು. ಅಜ್ಜಾರ ಉತ್ತರ ಸೀಮೆಯ ಮಾತು ಅವನಿಗೆ ಮೊದಮೊದಲು ಅರ್ಧ ತಿಳಿದರೆ ಅರ್ಧ ತಿಳಿಯುತ್ತಿರಲಿಲ್ಲ. ಆದರೆ ಅವನದು ದೇವರೇ ಕೂತು ತಿದ್ದಿದಂಥ ಕಂಠ. ಮುಂಜಾನೆಯ ಸ್ತೋತ್ರಕ್ಕೆ ಅವನು ದನಿ ತೆಗೆದರೆ ಹೊಳೆಯಲ್ಲಿ ಬಟ್ಟೆ ಒಗೆಯುವವರೂ ಕೈ ನಿಲ್ಲಿಸಿ ಕೇಳುತ್ತಿದ್ದರು.

ಯೇಸುಸ್ವಾಮಿ ಸಾವಿನಿಂದ ಎದ್ದ ಪಾಸ್ಕ ಹಬ್ಬ ಕಳೆದ ಮೇಲೆ ಅವನಿಗೆ ದೀಕ್ಷೆ ಎಂದು ಅಜ್ಜಾರು ಹೇಳಿದ್ದರು. ದೀಕ್ಷೆ ಎಂದರೆ ಬದುಕಿರುವವರೆಗೂ ಆಶ್ರಮವೇ ಮನೆ, ಸ್ತೋತ್ರವೇ ಕೆಲಸ.

ಇನ್ನಾಸಿ ಬಂದದ್ದೇ ಅದಕ್ಕಾಗಿ. ಆದರೆ ದಿನ ಹತ್ತಿರ ಬಂದಂತೆ ಅವನ ಎದೆಯಲ್ಲಿ ಒಂದು ಮುಳ್ಳು ಆಡತೊಡಗಿತು.

ಒಂದು ಮಧ್ಯಾಹ್ನ ಅಜ್ಜಾರು ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಇನ್ನಾಸಿ ಬಂದು ಎದುರಿಗೆ ಕೂತ.

"ಗುರುಗಳೇ, ಒಂದು ಮಾತು ಕೇಳ್ಲಾ?"

"ಕೇಳು. ಖಾಲಿ ಕೂಡಬ್ಯಾಡ, ಸುಲಕೋತ ಕೇಳು."

"ಸ್ವರ್ಗದಲ್ಲಿ ಪಾಪ ಮಾಡೋಕಾಗುತ್ತಾ?"

ಅಜ್ಜಾರು ತಲೆ ಎತ್ತಿದರು. "ಹೋಗೂಕಿನ ಮದ್ಲ ಅದನ್ನ ಕೇಳಾಕ ಹತ್ತೀಯಲ್ಲೋ. ಏನರ ಮನಸಿನಾಗ ಇಟಗೊಂಡೀಯೇನು?"

ಇನ್ನಾಸಿ ನಗಲಿಲ್ಲ.

"ಮಾಡೋಕಾಗುತ್ತೆ ಅಂದ್ರೆ ಅಲ್ಲೂ ಯಾವತ್ತೋ ಒಂದಿನ ಯಾರಾದ್ರೂ ಜಾರಬಹುದು. ಅಲ್ಲಿಗೆ ಹೋದ ಮೇಲೂ ಹೆದರಿಕೆ ತಪ್ಪಲಿಲ್ಲ. ಮಾಡೋಕಾಗಲ್ಲ ಅಂದ್ರೆ..."

"ಅಂದ್ರ?"

"ಬೇಡ ಅನ್ನೋ ಶಕ್ತೀನೇ ಕಿತ್ಕೊಂಡ ಮೇಲೆ ಹೂಂ ಅನ್ನೋದಕ್ಕೆ ಏನು ಬೆಲೆ, ಗುರುಗಳೇ? ದೇವದೂತರು, ಸಂತರು ಎಲ್ಲ ಹಗಲೂ ರಾತ್ರಿ ಸ್ತೋತ್ರ ಮಾಡ್ತಾನೇ ಇರ್ತಾರೆ ಅಂತೀರಿ. ಹೊಲದ ಪಂಪ್‌ಸೆಟ್ಟೂ ಹಗಲೂ ರಾತ್ರಿ ಓಡುತ್ತೆ. ಅದು ಸ್ತೋತ್ರವಾ?"

"ಹಗಲೂ ರಾತ್ರಿ ಓಡಾಕ ನಮ್ಮ ಕಡೆ ಕರೆಂಟ್ ಎಲ್ಲೈತೋ?" ಎಂದರು ಅಜ್ಜಾರು, ಒಂದು ಬೀಜ ಬಾಯಿಗೆ ಹಾಕಿಕೊಂಡು.

"ತಮಾಷೆ ಬೇಡ ಗುರುಗಳೇ. ನನಗೆ ನಮ್ಮಜ್ಜಿ ನೆನಪಾಗ್ತಾರೆ. ಸಂಜೆ ಜಪಸರ ಹೇಳೋವಾಗ ತೂಕಡಿಸಿದ್ರೆ ತೊಡೆ ಚಿವುಟೋರು. ಚಿವುಟಿದಾಗೆಲ್ಲ ನನ್ನ ಜಪ ಜೋರಾಗೋದು. ಅದು ಎದೆಯಿಂದ ಬಂದ ಜಪ ಅಲ್ಲ, ತೊಡೆಯಿಂದ ಬಂದದ್ದು. ಸ್ವರ್ಗಾನೂ ಹಾಗೇ ಇರುತ್ತೇನೋ ಅಂತ ಭಯ. ಮುಗಿಯದ ಜಪ. ಎದ್ದು ಹೋಗೋಣ ಅಂದ್ರೆ ಬಾಗಿಲಿಲ್ಲ."

"ಅಜ್ಜಿ ಅದಾರೇನು?"

"ಇಲ್ಲ, ತೀರಿಕೊಂಡ್ರು. ತುಂಬ ಭಕ್ತಿವಂತರು."

"ಹಂಗಾದ್ರ ಅವರೂ ಅಲ್ಲೇ ಇರ್ತಾರ. ತೊಡಿ ಜ್ವಾಕಿ."

ಇನ್ನಾಸಿಗೆ ಸಿಟ್ಟೂ ಬಂತು, ನಗುವೂ ಬಂತು. ಎರಡನ್ನೂ ನುಂಗಿಕೊಂಡು ಶೇಂಗಾ ಸುಲಿದ.

ಮಾರನೆಯ ಮುಂಜಾನೆ ಆಶ್ರಮದ ಸಹೋದರರೆಲ್ಲ ಪ್ರಾರ್ಥನೆಯ ಮನೆಯಲ್ಲಿ ಕೂತರು. ಇನ್ನಾಸಿ ಸ್ತೋತ್ರ ಎತ್ತಿಕೊಂಡ. ಮೊದಲ ಸಾಲು ಮುಗಿಯುವಷ್ಟರಲ್ಲಿ ಅಜ್ಜಾರು ಎದ್ದು ಹೊರಗೆ ಹೋದರು. ಹೊರಗಿನಿಂದ ಖಟ್ ಎಂದು ಚಿಲಕ ಬಿತ್ತು.

ಇನ್ನಾಸಿಯ ದನಿ ಅಲ್ಲಿಗೇ ಒಡೆಯಿತು. ಸಾವರಿಸಿಕೊಂಡು ಎತ್ತಿದ. ಮತ್ತೆ ಒಡೆಯಿತು.

ಅಡುಗೆ ನೋಡಿಕೊಳ್ಳುವ ಲಾಜರಪ್ಪ ಹಿಂದಿನಿಂದ ಪಿಸುಗುಟ್ಟಿದ. "ಹಾಡೋ ತಮ್ಮಾ. ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೀನಿ. ನೀ ಮುಗಸೂತನಕ ಅವರು ತೆಗಿಯೂದಿಲ್ಲ."

ಹೇಗೋ ಮುಗಿಸಿದ. ಬಾಗಿಲು ತೆರೆಯಿತು. ಬೇಳೆ ಸೀದ ವಾಸನೆ ಒಳಗೆ ಬಂತು.

"ಯಾಕೋ, ದನಿ ಬರಲಿಲ್ಲ?" ಎಂದರು ಅಜ್ಜಾರು.

"ನೀವು ಚಿಲಕ ಹಾಕಿದ್ರಿ."

"ಬಾಗಿಲಕ್ಕ ಹಾಕಿದೆ. ನಿನ್ನ ಗಂಟಲಕ್ಕ ಹೆಂಗ ಬಿತ್ತು?"

"ನಾನು ಹೇಳಿದ್ದೂ ಅದೇ ಅಲ್ವಾ? ಹೋಗೋಕಾಗಲ್ಲ ಅಂತ ಗೊತ್ತಾದ ಕೂಡ್ಲೇ ಹಾಡು ಸತ್ತುಹೋಯ್ತು. ಸ್ವರ್ಗದ ಬಾಗಿಲಿಗೂ ಚಿಲಕ ಬಿದ್ದಿದ್ರೆ?"

"ಅಲ್ಲಿ ಚಿಲಕ ಐತಿ ಅಂತ ನಿನಗ ಹೇಳಿದವರು ಯಾರು? ಆ ಪಟ್ಟಣದ ಬಾಗಿಲಾ ಮುಚ್ಚೂದ ಇಲ್ಲ ಅಂತ ಶಾಸ್ತ್ರ ಹೇಳತೈತಿ."

ಇನ್ನಾಸಿ ತಬ್ಬಿಬ್ಬಾದ. ಆ ಮಾತನ್ನು ಅವನೂ ಎಷ್ಟೋ ಸಲ ಓದಿದ್ದ. ಶತ್ರುವಿನ ಭಯವಿಲ್ಲ ಅಂತ ಮುಚ್ಚುವುದಿಲ್ಲ ಎಂದುಕೊಂಡಿದ್ದ. ಒಳಗಿರುವವರ ಕಡೆಯಿಂದ ಆ ಬಾಗಿಲನ್ನು ನೋಡಿರಲಿಲ್ಲ.

"ಹಾಗಾದ್ರೆ ಯಾರಾದ್ರೂ ಎದ್ದು ಹೊರಟುಬಿಟ್ರೆ?"

"ನಾಳೆ ತೆರದಿಟ್ಟ ನೋಡೂನು."

ಮರುದಿನ ಬಾಗಿಲಷ್ಟೇ ಅಲ್ಲ, ಕಿಟಕಿಗಳನ್ನೂ ತೆರೆದಿಟ್ಟರು. ಇನ್ನಾಸಿ ಹಾಡತೊಡಗಿದ. ದಾರಿಯಲ್ಲಿ ಒಬ್ಬಾಕೆ ಎಮ್ಮೆ ಹೊಡೆದುಕೊಂಡು ಹೋದಳು. ಅವನ ಕಣ್ಣು ಎಮ್ಮೆಯ ಹಿಂದೆ ಹೋಯಿತು. ಒಂದು ಮೇಕೆ ಹೊಸ್ತಿಲ ಮೇಲೆ ಬಂದು ನಿಂತು ಎಲ್ಲರನ್ನೂ ವಿಚಾರಿಸುವಂತೆ ನೋಡಿತು. ಅವನ ಕಣ್ಣು ಮೇಕೆಯ ಮೇಲೆ ನಿಂತಿತು. ಹಾಡು ಬಾಯಿಂದ ಬರುತ್ತಿತ್ತು, ಆದರೆ ಬತ್ತಿದ ಬಾವಿಯಿಂದ ಕೊಡ ಎಳೆದಂತೆ ಬರುತ್ತಿತ್ತು.

ಮುಗಿದ ಮೇಲೆ ಅಜ್ಜಾರು ಹೇಳಿದರು. "ಮುಚ್ಚಿದ್ರೂ ಬಾಗಿಲಾ ನೋಡ್ತಿ, ತೆರೆದ್ರೂ ಬಾಗಿಲಾ ನೋಡ್ತಿ. ಶಿಲುಬಿ ಇರೂದು ಈ ಕಡೆ."

ಆವತ್ತಿನಿಂದ ಇನ್ನಾಸಿಯ ದನಿ ಏಳಲೇ ಇಲ್ಲ. ಮುಂಜಾನೆಯ ಸ್ತೋತ್ರವನ್ನು ಲಾಜರಪ್ಪ ಎತ್ತಿಕೊಡಬೇಕಾಯಿತು. ಲಾಜರಪ್ಪನ ಭಕ್ತಿ ದೊಡ್ಡದು, ಶ್ರುತಿಯ ಮಾತು ಬೇರೆ. ಹೊಳೆಯಲ್ಲಿ ಬಟ್ಟೆ ಒಗೆಯುವವರು ಆಗಲೂ ಕೈ ನಿಲ್ಲಿಸಿ ನೋಡುತ್ತಿದ್ದರು, ಆದರೆ ಯಾರಿಗೇನಾಯಿತು ಎಂದು.

ದೀಕ್ಷೆಯ ದಿನ ಬಂತು.

ಆ ಆಶ್ರಮದಲ್ಲಿ ಅದಕ್ಕೊಂದು ಪದ್ಧತಿ. ದೀಕ್ಷೆ ಬೇಡುವವನನ್ನು ಪ್ರಾರ್ಥನೆಯ ಮನೆಯಲ್ಲಿ ನಿಲ್ಲಿಸುವುದಿಲ್ಲ, ಹೊರಗಿನ ಗೇಟಿನ ಹತ್ತಿರ ನಿಲ್ಲಿಸುತ್ತಾರೆ. ಗೇಟನ್ನು ಪೂರ್ತಿ ತೆರೆದಿಡುತ್ತಾರೆ. ಗುರುಗಳು ಒಂದೇ ಪ್ರಶ್ನೆ ಕೇಳುತ್ತಾರೆ. "ದಾರಿ ತೆರೆದೈತಿ. ಹೋಗತೀಯೇನು?" ಅದಕ್ಕೆ ಬರೆದಿಟ್ಟ ಉತ್ತರವಿಲ್ಲ. ಅವರವರ ಮಾತು ಅವರವರದು. ಉತ್ತರ ಮನಸ್ಸಿಗೆ ಒಪ್ಪಿದರೆ ಗುರುಗಳು ಅವನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಬರೆಯುತ್ತಾರೆ. ದೀಕ್ಷೆ ಆದಂತೆ.

ಲಾಜರಪ್ಪ ತನ್ನ ದೀಕ್ಷೆಯ ದಿನ, "ನಾ ಹೋದ್ರ ನಿಮಗ ರೊಟ್ಟಿ ಬಡಿಯಾವರ್ಯಾರ್ರೀ?" ಎಂದಿದ್ದನಂತೆ. ಅಜ್ಜಾರು ಗಟ್ಟಿಯಾಗಿ ನಕ್ಕು ಹಣೆ ಮುಟ್ಟಿದ್ದರಂತೆ.

ಇನ್ನಾಸಿ ಹಾಗೆಲ್ಲ ಬಾಯಿಗೆ ಬಂದದ್ದು ಹೇಳುವವನಲ್ಲ. ಎದೆಯೊಳಗಿನ ಅನುಮಾನವನ್ನು ಮಾತಿನಿಂದಲಾದರೂ ಮುಚ್ಚಬೇಕೆಂದು ಒಂದು ಒಳ್ಳೆಯ ಉತ್ತರವನ್ನು ಹೊಂದಿಸಿ, ತಿಕ್ಕಿ ತೊಳೆದು ಇಟ್ಟುಕೊಂಡಿದ್ದ.

"ದಾರಿ ತೆರೆದೈತಿ. ಹೋಗತೀಯೇನು?"

ಇನ್ನಾಸಿ ಕೈ ಮುಗಿದ. "ಗುರುಗಳೇ, ಈ ಪಾದಗಳನ್ನು ಬಿಟ್ಟು ನಾನು ಹೋಗಲಾರೆ."

ಸಹೋದರರು ತಲೆದೂಗಿದರು. ಎಷ್ಟು ಚೆನ್ನಾಗಿ ಹೇಳಿದ!

ಅಜ್ಜಾರ ಕೈ ಮೇಲೇಳಲಿಲ್ಲ.

"ಯಾಕ ಹೋಗಲಾರಿ? ಕಾಲಿಲ್ಲೇನು?"

ಯಾರೋ ಕಿಸಕ್ಕೆಂದರು.

"ಕಾಲಿದೆ, ಗುರುಗಳೇ."

"ದಾರಿ ಗೊತ್ತಿಲ್ಲೇನು?"

"ಗೊತ್ತು."

"ಹೋದ್ರ ಇರಾಕ ಮನಿ ಇಲ್ಲೇನು?"

"ಅಕ್ಕನ ಮನೆ ಇದೆ. ಬಾ ಅಂತ ಕರೀತಾನೇ ಇದ್ದಾಳೆ. ಅಲ್ಲಿನ ದೊಡ್ಡ ಚರ್ಚಿನಲ್ಲಿ ಹಾಡೋಕೆ ಜನ ಬೇಕಂತೆ."

"ಮತ್ತ್ಯಾಕ ಹೋಗಲಾರಿ?"

ಇನ್ನಾಸಿ ತೆರೆದ ಗೇಟಿನ ಕಡೆ ನೋಡಿದ.

"ಹೋಗಲಾರದವರನ್ನ ಇಟಗೊಳ್ಳಾಕ ಇದು ಜೇಲಲ್ಲ ತಮ್ಮಾ. ಕುಂಟ ಆಗಿ ಉಳಿಯೂದು ಬ್ಯಾಡ. ಮದ್ಲ ಹೋಗಾಕ ಬರೂ ಹಂಗ ಆಗು."

ಅಷ್ಟು ಹೇಳಿ ಅಜ್ಜಾರು ಒಳಗೆ ನಡೆದರು. ಸಹೋದರರು ಒಬ್ಬೊಬ್ಬರಾಗಿ ಸರಿದರು. ತೆರೆದ ಗೇಟಿನ ಹತ್ತಿರ ಇನ್ನಾಸಿ ಒಬ್ಬನೇ ನಿಂತ. ಹಣೆ ಬರಿದಾಗಿತ್ತು. ಎಲ್ಲರ ಎದುರಿಗೆ ಕೆನ್ನೆಗೆ ಹೊಡೆಸಿಕೊಂಡವನಂತೆ ಕಿವಿ ಸುಡುತ್ತಿತ್ತು.

ಆ ದಿನವೆಲ್ಲ ಅವನು ಊಟ ಮಾಡಲಿಲ್ಲ. ಬೆಳಗಾಗುತ್ತಲೇ ಗಂಟು ಕಟ್ಟಿಕೊಂಡು ಅಜ್ಜಾರ ಮುಂದೆ ಬಂದು ನಿಂತ.

"ಹೋಗೋಕೆ ಬರೋ ಹಾಗೆ ಆಗು ಅಂದ್ರಲ್ಲ. ಬರುತ್ತೆ. ಹೋಗ್ತೀನಿ."

"ಹೋಗು," ಎಂದರು ಅಜ್ಜಾರು. ದನಿಯಲ್ಲಿ ಸಿಟ್ಟಿರಲಿಲ್ಲ. "ತಾ ಗಂಟು. ಬಸ್ಸಿನ ಮಟ ನಾ ಹೊರ್ತೀನಿ."

"ನೀವ್ಯಾಕೆ ಹೊರಬೇಕು?"

"ನಮ್ಮನಿಯಿಂದ ಹೊಂಟಾವ ಗಂಟು ತಾನ ಹೊತಗೊಂಡು ಹೋದ್ರ ನೋಡಿದವರು ಏನಂದಾರು?"

ಲಾಜರಪ್ಪ ಅಡುಗೆಮನೆಯಿಂದ ಓಡಿಬಂದು ಒಂದು ಬುತ್ತಿ ಕೈಗಿತ್ತ. ಒಲೆಯ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದ.

ಬಸ್ಸು ಬರುವುದು ಹೊಳೆಯ ಆಚೆ ದಡಕ್ಕೆ. ಹರಿಗೋಲಿನ ಹುಸೇನಸಾಬ ಇಬ್ಬರನ್ನೂ ಕೂರಿಸಿಕೊಂಡು ಹುಟ್ಟು ಹಾಕಿದ. ಹುಟ್ಟು ಹಾಕುತ್ತಲೇ ಗಂಟನ್ನು ನೋಡಿದ, ಇನ್ನಾಸಿಯ ಮುಖ ನೋಡಿದ.

"ಅಜ್ಜಾರ, ಹೋಗೂ ಮುಂದ ಇಬ್ಬರು. ತಿರುಗಿ ಬರೂ ಮುಂದ?"

"ಅದು ನನ್ನ ಕೈಯಾಗಿಲ್ಲ ಹುಸೇನಿ."

"ದೇವರ ಕೈಯಾಗ ಐತೇನ್ರೀ?"

"ದೇವರು ಇವನ ಕೈಯಾಗ ಕೊಟ್ಟಾನ."

ಹುಸೇನಸಾಬ ಇನ್ನಾಸಿಯ ಕೈಗಳನ್ನೇ ಒಮ್ಮೆ ನೋಡಿದ. "ಭಾಳ ದೊಡ್ಡದ ಕೊಟ್ಟಾನ ಬಿಡ್ರಿ," ಎಂದು ಹುಟ್ಟು ಎಳೆದ.

ಆಚೆ ದಡದಲ್ಲಿ ಒಂದು ಬೇವಿನ ಮರ. ಮರದ ಕೆಳಗೆ ಕಲ್ಲುಕಟ್ಟೆ. ಅದೇ ಬಸ್ ಸ್ಟಾಪು. ಕಟ್ಟೆಯ ಒಂದು ತುದಿಯಲ್ಲಿ ಒಬ್ಬ ಎಳೆಯ ತಾಯಿ ಸೆರಗಿನ ಮರೆಯಲ್ಲಿ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ಬಸ್ಸಿಗೆ ಇನ್ನೂ ಹೊತ್ತಿತ್ತು.

ಅಜ್ಜಾರು ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಬದನೆಕಾಯಿ ಪಲ್ಯ.

"ಉಣ್ಣು."

ಇನ್ನಾಸಿಗೆ ಬೇಡವೆನ್ನುವ ಬಿಗುಮಾನವಿತ್ತು. ಹೊಟ್ಟೆಗೆ ಅದು ಇರಲಿಲ್ಲ. ಮೊದಲ ತುತ್ತು ಹೋದದ್ದೇ ತಡ, ತಲೆ ತಗ್ಗಿಸಿ ಉಣ್ಣತೊಡಗಿದ. ಅಜ್ಜಾರು ರೊಟ್ಟಿಯ ಮೇಲೆ ರೊಟ್ಟಿ ಹಾಕಿದರು. ಪಲ್ಯ ಹಾಕಿದರು. ತಾವು ಅರ್ಧ ರೊಟ್ಟಿ ಮುರಿದುಕೊಂಡರು.

"ಇನ್ನೊಂದು ಹಾಕ್ಲಿ?"

"ಸಾಕು."

"ಅರ್ಧ?"

"ಒಲ್ಲೆ, ಗುರುಗಳೇ."

ಅಜ್ಜಾರ ಕೈ ಅಲ್ಲೇ ನಿಂತಿತು.

"ಏನಂದಿ?"

"ಒಲ್ಲೆ ಅಂದೆ."

"ನಿಮ್ಮ ಕಡೆ ಹಿಂಗಂತಾರೇನು?"

ಇನ್ನಾಸಿಗೆ ಆಗಲೇ ಹೊಳೆದದ್ದು. ಅವನ ಊರಲ್ಲಿ ಬೇಡ ಅನ್ನುತ್ತಾರೆ, ಸಾಕು ಅನ್ನುತ್ತಾರೆ. ಒಲ್ಲೆ ಎಂಬುದು ಅವನು ಶಾಲೆಯ ಪದ್ಯಗಳಲ್ಲಿ ಓದಿದ್ದ ಮಾತು. ಆಶ್ರಮದ ಪಂಕ್ತಿಯಲ್ಲಿ ಕೂತು ಉಂಡು ಉಂಡು ಅದು ಯಾವಾಗ ತನ್ನ ನಾಲಿಗೆಗೆ ಹತ್ತಿತೋ ಅವನಿಗೇ ಗೊತ್ತಿರಲಿಲ್ಲ.

"ಈ ರೊಟ್ಟಿ ತಿನ್ನಲಾರಿ?"

"ತಿನ್ನೋಕಾಗುತ್ತೆ."

"ನಾ ಕೈ ಹಿಡಕೊಂಡೀನೇನು?"

"ಇಲ್ಲ."

"ರೊಟ್ಟಿ ಚಲೋ ಇಲ್ಲೇನು?"

"ಅಯ್ಯೋ, ಲಾಜರಣ್ಣನ ರೊಟ್ಟಿಗೆ ಹಾಗನ್ನೋಕಾಗುತ್ತಾ?"

"ಮತ್ತ್ಯಾಕ ಒಲ್ಲಿ?"

"ಹೊಟ್ಟೆ ತುಂಬಿದೆ, ಗುರುಗಳೇ."

ಅಜ್ಜಾರು ರೊಟ್ಟಿಯನ್ನು ಮಡಚಿ ಬಟ್ಟೆಯಲ್ಲಿಟ್ಟರು.

"ಅಲ್ಲೂ ಹಿಂಗ," ಎಂದರು.

ಇನ್ನಾಸಿ ಕೈ ತೊಳೆಯಲು ಎದ್ದವನು ಹಾಗೆಯೇ ಕೂತ.

"ಅಲ್ಲಿ ಅವರ ಕೈ ಕಟ್ಟಿಲ್ಲ, ಬಾಯಿ ಕಟ್ಟಿಲ್ಲ. ಸರ್ವೇಶ್ವರನ್ನ ಕಣ್ಣತುಂಬ ಕಂಡು ತುಂಬ್ಯಾರ. ಪಾಪ ತಾಟಿನಾಗ ಬಂದು ಕುಂತ್ರೂ ಒಲ್ಲೆ ಅಂತಾರ."

"ಮತ್ತೆ, ಸ್ವರ್ಗದವರು ಪಾಪ ಮಾಡಲಾರರು ಅಂತ ದೊಡ್ಡವರು ಬರೆದಿದ್ದಾರಲ್ಲ?"

"ಲಾರರು ಅಂತ ಹೊರಗ ನಿಂತು ನೋಡಾವರು ಅಂತಾರ. ಒಳಗಿದ್ದವರು ಒಲ್ಲೆವು ಅಂತಾರ."

ಇನ್ನಾಸಿ ಆ ಎರಡು ಮಾತುಗಳನ್ನು 'ಲಾರೆ', 'ಒಲ್ಲೆ' ಎಂದು ಬಾಯೊಳಗೇ ಹೊರಳಿಸಿ ನೋಡಿದ. ಒಂದರಲ್ಲಿ ಸೋಲಿತ್ತು. ಇನ್ನೊಂದರಲ್ಲಿ ಒಲವಿನ ಸದ್ದಿತ್ತು. ಒಂದನ್ನು ಒಲಿದವನಲ್ಲವೇ ಇನ್ನೊಂದನ್ನು ಒಲ್ಲೆ ಎನ್ನುವುದು?

ಆದರೂ ಅವನು ಸುಲಭಕ್ಕೆ ಬಿಡುವವನಲ್ಲ.

"ಮಧ್ಯಾಹ್ನಕ್ಕೆ ನನಗೆ ಮತ್ತೆ ಹಸಿಯುತ್ತೆ ಗುರುಗಳೇ. ಅವರಿಗೂ ಹಸಿದ್ರೆ?"

"ರೊಟ್ಟಿ ಮುಗೀತೈತಿ. ಸರ್ವೇಶ್ವರ ಮುಗಿಯೂದಿಲ್ಲ."

ಗಾಳಿಗೆ ಬೇವಿನ ಹೂ ಉದುರಿತು. ಅಜ್ಜಾರು ಮೆಲ್ಲಗೆ ಕೇಳಿದರು.

"ಸ್ವಾಮಿಯವರನ್ನ ಶಿಲುಬಿಗೆ ಏರಿಸಿದಾಗ ಕೆಳಗ ನಿಂತ ಮಂದಿ ಏನಂತ ಅಣಕಿಸಿದ್ರು?"

"ಕೈಲಾದ್ರೆ ಇಳಿದು ಬಾ ಅಂತ."

"ಇಳಿಯಲಾರ ಅಂತ ತಿಳಕೊಂಡ್ರು. ಇಳಿಯಲಾರದ ಇದ್ರೇನು?"

ಇನ್ನಾಸಿ ಇಲ್ಲವೆಂದು ತಲೆಯಾಡಿಸಿದ.

"ಮೊಳಿ ಹಿಡದಿದ್ವೇನು ಅವರನ್ನ?"

"ಇಲ್ಲ."

"ಮತ್ತೇನು ಹಿಡದಿತ್ತು?"

ಇನ್ನಾಸಿಗೆ ಉತ್ತರ ಗೊತ್ತಿತ್ತು. ಚಿಕ್ಕಂದಿನಿಂದ ಅವನು ಆ ಶಿಲುಬೆಯನ್ನು ನೋಡುತ್ತಲೇ ಬಂದಿದ್ದ. ಅದರ ಮೇಲಿದ್ದವರು ಇಳಿಯಬಹುದಿತ್ತು, ತನಗಾಗಿ ಇಳಿಯಲಿಲ್ಲ ಎಂಬುದನ್ನು ಮಾತ್ರ ಈವತ್ತು, ಈ ಬಸ್ ಸ್ಟಾಪಿನಲ್ಲಿ, ರೊಟ್ಟಿ ಮೆತ್ತಿದ ಕೈಯಲ್ಲಿ ಕೂತು ನೋಡಿದ.

ಅವನು ಕೇಳಿದ. "ಗುರುಗಳೇ, ಅಷ್ಟು ತುಂಬಿದ ಮೇಲೆ ಸುಮ್ಮನೆ ಕೂರಬಹುದಲ್ಲ. ಸ್ತೋತ್ರ ಯಾಕೆ?"

ಅಜ್ಜಾರು ಕಟ್ಟೆಯ ಆ ತುದಿಯ ಕಡೆ ತಿರುಗಿದರು. ಕೂಸು ಹಾಲು ಕುಡಿದು ಮುಗಿಸಿ ತಾಯಿಯ ತೊಡೆಯ ಮೇಲೆ ಅಂಗಾತ ಮಲಗಿತ್ತು. ಅವಳ ಮುಖವನ್ನೇ ನೋಡುತ್ತ, ಕಾಲು ಬಡಿಯುತ್ತ, ಏನೇನೋ ಸದ್ದು ಮಾಡುತ್ತಿತ್ತು.

"ತಂಗೀ, ಕೂಸು ಏನ ಬೇಡಾಕ ಹತ್ತೈತಿ?"

"ಏನಿಲ್ರೀ ಅಜ್ಜಾರ. ಹೊಟ್ಟಿ ತುಂಬೇತಿ. ಸುಮ್ನ ಮಾತಾಡತೈತಿ."

"ಯಾರ ಜೋಡಿ?"

"ಮತ್ಯಾರ ಜೋಡಿ ಮಾತಾಡೀತ್ರೀ? ನನ್ನ ಜೋಡಿ." ತಾಯಿ ನಕ್ಕಳು.

"ಮಾತಾಡು ಅಂತ ನೀ ಹೇಳಿದ್ಯೇನವಾ?"

"ನಾ ಹೇಳಿದ್ರ ಕೇಳತೈತೇನ್ರೀ ಇದು? ಮಲಕ್ಕೋ ಅಂದ್ರ ಮಲಕ್ಕೊಳ್ಳೂದಿಲ್ಲ, ಸುಮ್ನಿರು ಅಂದ್ರ ಸುಮ್ನಿರೂದಿಲ್ಲ!"

ಅಜ್ಜಾರು ಇನ್ನಾಸಿಯ ಕಡೆ ತಿರುಗಲೂ ಇಲ್ಲ. ಬುತ್ತಿಯ ಬಟ್ಟೆ ಝಾಡಿಸಿ, ಮಡಚಿ, ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತ ಕೂತರು.

ಬಿಸಿಲು ಏರುತ್ತಿತ್ತು. ಕೂಸು ತನ್ನ ಪಾಡಿಗೆ ತಾನು ಮಾತಾಡುತ್ತಿತ್ತು. ಆ ಸದ್ದಿನ ಜೊತೆಗೆ ಇನ್ನೊಂದು ಸದ್ದು ಸೇರಿಕೊಂಡದ್ದು ಯಾವಾಗಲೋ. ಯಾರೋ ಗುನುಗುತ್ತಿದ್ದರು. ಮುಂಜಾನೆಯ ಸ್ತೋತ್ರದ ಧಾಟಿ. ಮುಂಜಾನೆ ಕಳೆದುಹೋಗಿತ್ತು, ಗಂಟೆ ಬಾರಿಸಿದವರಿಲ್ಲ, ಎತ್ತಿಕೊಡು ಎಂದವರಿಲ್ಲ. ದನಿ ಮೆಲ್ಲಗೆ ಏರಿ, ತಿರುವಿನಲ್ಲಿ ಒಂದು ಕ್ಷಣ ನಿಂತು, ತುಂಬಿಕೊಂಡು ಇಳಿಯಿತು. ಕೂಸು ಮಾತು ನಿಲ್ಲಿಸಿ ಕತ್ತು ಹೊರಳಿಸಿ ನೋಡಿತು.

ಅದು ತನ್ನನ್ನೇ ನೋಡುತ್ತಿದೆ ಎಂದು ಕಂಡಾಗ ಇನ್ನಾಸಿಗೆ ಗೊತ್ತಾಯಿತು, ಗುನುಗುತ್ತಿದ್ದವನು ತಾನೇ ಎಂದು. ಬೆಚ್ಚಿ ಬಾಯಿ ಮುಚ್ಚಿಕೊಂಡ.

"ಯಾಕ್ರೀ ಅಣ್ಣಾರ, ನಿಲ್ಲಿಸಿದ್ರಿ?" ಎಂದಳು ತಾಯಿ. "ಕೂಸು ಕೇಳಾಕ ಹತ್ತಿತ್ತು."

ಅಷ್ಟರಲ್ಲಿ ತಿರುವಿನಲ್ಲಿ ಧೂಳೆದ್ದಿತು. ಬಸ್ಸು ಬಂತು.

ತಾಯಿ ಕೂಸನ್ನೆತ್ತಿಕೊಂಡು ಹತ್ತಿದಳು. ಇನ್ನಾಸಿ ಗಂಟೆತ್ತಿಕೊಂಡು ಅವಳ ಹಿಂದೆ ಹೋದ. ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಹಿಂದಿರುಗಿ ನೋಡಿದ.

ಅಜ್ಜಾರು ಕಟ್ಟೆಯ ಮೇಲೆ ಕೂತೇ ಇದ್ದರು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಎರಡು ಕೈಯೂ ಮಡಿಲಲ್ಲಿದ್ದವು. ಮುಖದಲ್ಲಿ ಪ್ರೀತಿಯಿತ್ತು, ಹಗ್ಗವಿರಲಿಲ್ಲ.

ಬಸ್ಸಿನೊಳಗೆ ಖಾಲಿ ಸೀಟಿತ್ತು. ದಾರಿ ಗೊತ್ತಿತ್ತು. ಅಕ್ಕ ಬಾಗಿಲಲ್ಲೇ ಕಾಯುತ್ತಿರುತ್ತಾಳೆ. ದೊಡ್ಡ ಚರ್ಚಿನಲ್ಲಿ ಹಾಡಿದರೆ ಊರೆಲ್ಲ ಕೇಳುತ್ತದೆ, ಅದೂ ದೇವರ ಸೇವೆಯೇ, ಅದರಲ್ಲಿ ಪಾಪವೇನೂ ಇಲ್ಲ. ಹೋಗಬಹುದಿತ್ತು. ತಡೆಯುವುದು ಲೋಕದಲ್ಲಿ ಒಂದೂ ಇರಲಿಲ್ಲ. ಇನ್ನಾಸಿ ತನ್ನ ಜೀವಮಾನದಲ್ಲಿ ಇಷ್ಟು ಬಿಡುಗಡೆಯಾಗಿ ಎಂದೂ ನಿಂತಿರಲಿಲ್ಲ.

"ಹತ್ತತೀಯೋ, ಇಲ್ಲೇ ತೊಟ್ಟಲಾ ಕಟಗೊಂಡು ಜೋಲಿ ಹೊಡೀತೀಯೋ?" ಎಂದ ಕಂಡಕ್ಟರ್.

"ಒಲ್ಲೆ."

"ಏನು? ಕೇಳ್ಸಲಿಲ್ಲ."

"ಒಲ್ಲೆ ಅಣ್ಣಾ!"

ಎಷ್ಟೋ ದಿನಗಳಿಂದ ಎದೆಯೊಳಗೇ ಕೂತಿದ್ದ ದನಿಯೆಲ್ಲ ಆ ಮಾತಿನಲ್ಲಿ ಹೊರಬಂತು. ಬಸ್ಸಿನಲ್ಲಿ ತೂಕಡಿಸುತ್ತಿದ್ದವರು ಕಿಟಕಿಯಿಂದ ತಲೆ ಹೊರಹಾಕಿದರು. ಬೇವಿನ ಮರದಿಂದ ಹಕ್ಕಿಗಳೆದ್ದವು.

ಇನ್ನಾಸಿ ಕಾಲು ಕೆಳಗಿಟ್ಟ.

ಅಜ್ಜಾರು ಎದ್ದು ಬಂದರು. ಹೆಬ್ಬೆರಳಿಗೆ ಶೇಂಗಾ ಹಿಂಡಿ ಮೆತ್ತಿಕೊಂಡಿತ್ತು. ಅದನ್ನು ನೋಡಲೂ ಇಲ್ಲ, ಒರೆಸಿಕೊಳ್ಳಲೂ ಇಲ್ಲ. ಅಲ್ಲೇ, ಬಸ್ಸಿನ ಬಾಗಿಲಲ್ಲಿ, ಅಷ್ಟು ಜನರೆದುರು, ಅವನ ಹಣೆಯ ಮೇಲೆ ಶಿಲುಬೆಯ ಗುರುತು ಬರೆದರು.

ಕಂಡಕ್ಟರನಿಗೆ ಏನೂ ಅರ್ಥವಾಗಲಿಲ್ಲ. ಸೀಟಿ ಬಾಯಲ್ಲಿಟ್ಟುಕೊಂಡವನು ಮತ್ತೆ ತೆಗೆದ.

"ಅಲ್ರೀ ಅಜ್ಜಾರ, ಒಲ್ಲೆ ಅನ್ನಾವ ಗಂಟ ಕಟಗೊಂಡು, ಹೊಳಿ ದಾಟಿ, ಬಸ್ ಸ್ಟಾಪಿನ ಮಟ ಯಾಕ ಬಂದಾನ? ಆ ಮಾತು ಆಶ್ರಮದಾಗ ಕುಂತ ಹೇಳಿದ್ರ ಆಗ್ತಿರಲಿಲ್ಲೇನು?"

ಅಜ್ಜಾರು ನಕ್ಕರು.

"ಅಲ್ಲಿ ಬಸ್ ಬರೂದಿಲ್ಲಲ್ಲೋ, ತಮ್ಮಾ."

ಕೇಳಿದ ನಿಮ್ಮೆಲ್ಲರ ಮನೆ ತಣ್ಣಗಿರಲಿ. ಉಂಡ ಹೊಟ್ಟೆಯಂತೆ ನಿಮ್ಮ ಎದೆ ತುಂಬಿರಲಿ. ಕಥೆ ಹೇಳಿದ ನಾಲಿಗೆಯನ್ನೂ ಕೇಳಿದ ಕಿವಿಗಳನ್ನೂ ಸರ್ವೇಶ್ವರನು ಹರಸಲಿ. ಆಮೆನ್.